ಶಿವರಾತ್ರಿಯ ಕರಿ ಹಾಳೆ

"ಮುಚ್ಚಿದ್ದು ಯಾಕಯ್ಯಾ ಅಂತ ಕೇಳ್ತಿದೀನಿ!"

"ಮಂಜು ಬೀಳ್ತದಲ್ಲ ಸ್ವಾಮಿ."

ಸಬ್ ಇನ್ಸ್‌ಪೆಕ್ಟರ್ ದಯಾನಂದ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಈ ಪ್ರಶ್ನೆಯನ್ನು ಅವನು ನಿನ್ನೆ ಮಧ್ಯಾಹ್ನದಿಂದ ಗದರಿಸಿ ಕೇಳಿದ್ದ, ಟೀ ಕುಡಿಸಿ ಕೇಳಿದ್ದ, ಮೇಜು ಗುದ್ದಿ ಕೇಳಿ ತನ್ನ ಅಂಗೈಯನ್ನೇ ನೋಯಿಸಿಕೊಂಡಿದ್ದ. ಉತ್ತರ ಮಾತ್ರ ಒಂದೇ. ಸುಳ್ಳು ಹೇಳುವವನಾದರೆ ಮೂರನೇ ಸಲಕ್ಕಾದರೂ ಬೇರೆ ಸುಳ್ಳು ಹೇಳುತ್ತಾನೆ. ನಿಜ ಹೇಳುವವನನ್ನು ಏನು ಮಾಡುವುದು?

"ಅದು ಗಾಳಿ ಎಳೆಯೋ ಮಿಷಿನ್ ಕಣಯ್ಯಾ! ಊರಿನ ಗಾಳೀಲಿ ಎಷ್ಟು ಹೊಗೆ ಇದೆ, ಎಷ್ಟು ಧೂಳಿದೆ ಅಂತ ಹಾಳೆ ಮೇಲೆ ಹಿಡಿಯೋದು. ಅದರ ಮೇಲೆ ಟಾರ್ಪಾಲ್ ಹೊದಿಸಿದ್ರೆ ಏನನ್ನ ಎಳೀತದೆ, ನಿನ್ನ ತಲೇನಾ?"

ಸೋಮಯ್ಯ ನಿಜವಾಗಿಯೂ ಯೋಚಿಸಿದ. "ಕಣದಾಗೆ ಕಾಫಿ ಹರವಿದ್ರೆ ಸಂಜೆ ಐದಕ್ಕೆ ಗುಡ್ಡೆ ಮಾಡಿ ಮುಚ್ಚಬೇಕಲ್ವಾ ಸ್ವಾಮಿ? ಮೂವತ್ತು ವರ್ಷ ಎಸ್ಟೇಟ್‌ನಾಗೆ ಅದ್ನೇ ಮಾಡ್ದೋನು ನಾನು. ಬಯಲಾಗೆ ಇರೋ ವಸ್ತೂನ ಮಂಜಿಗೆ ಬುಟ್ಟು ಮನೀಕಂಡ್ರೆ ನಿದ್ದೆ ಬತ್ತದಾ?"

"ಯಾರಾದ್ರೂ ಮುಚ್ಚು ಅಂದಿದ್ರಾ?"

"ಅನ್ನಾದೇನೈತೆ? ಬೆಳಿಗ್ಗೆ ಬಿಸಿಲು ಬಂದಮ್ಯಾಲೆ ತೆಗೀತಿದ್ದೆ. ಮಡಚಿ ಇಡ್ತಿದ್ದೆ."

ಮಡಚಿ ಬೇರೆ ಇಡುತ್ತಿದ್ದನಂತೆ!

ಸಂಕ್ರಾಂತಿ ಕಳೆದ ಮೇಲೆ ಸರ್ಕಾರದವರು ಆ ಯಂತ್ರವನ್ನು ಹೊಸಬೀದಿಯ ಹಳೇ ಬೀಜದ ಗೋಡೌನಿನ ತಾರಸಿಯ ಮೇಲೆ ಕೂರಿಸಿ, ಕಾವಲಿಗೆ ಸೋಮಯ್ಯನನ್ನು ಇಟ್ಟಿದ್ದರು. ಬುಧವಾರ, ಶನಿವಾರ ಹಾಸನದಿಂದ ರವಿ ಎಂಬ ತಂತ್ರಜ್ಞ ಬಂದು ಬೆಳಿಗ್ಗೆ ಎಂಟಕ್ಕೆ ಬಿಳಿ ಹಾಳೆ ಹಾಕಿ, ಮರುದಿನ ಎಂಟಕ್ಕೆ ತೆಗೆಯುತ್ತಿದ್ದ. ಮೊನ್ನೆ ಶನಿವಾರ ಸಂಜೆ ಆ ರವಿ ಗೋಡೌನಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದ. ಈಗ ಹಾಸನದ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲ. ಗಾಯ ನೋಡಿದರೆ ಯಾರೋ ತಳ್ಳಿದಂತಿದೆ ಎಂದು ವೈದ್ಯರು ಬರೆದುಕೊಟ್ಟಿದ್ದರು.

"ಸಾರ್, ಇಲ್ಲೊಂದು ಸಹಿ." ದಫೇದಾರ ಏಕಾಂತಯ್ಯ ನಾಲ್ಕಾರು ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಮೂಲೆಗಳನ್ನಷ್ಟೇ ಎತ್ತಿ ಹಿಡಿದ. "ಇಲ್ಲಿ. ಮತ್ತೆ ಇಲ್ಲಿ."

"ಇದೆಲ್ಲ ಏನ್ರೀ ಮತ್ತೆ?"

"ಕೋರ್ಟಿನದು ಸಾರ್. ಆರೋಪಿ ಊಟದ ಬಿಲ್ಲು, ಜೀಪಿನ ಡೀಸೆಲ್ಲು, ಇಂಥವೇ."

ದಯಾನಂದ ಬರಬರನೆ ಸಹಿ ಹಾಕಿದ. ಪೊಲೀಸ್ ಕೆಲಸಕ್ಕೆ ಸೇರಿದ ಹದಿನಾರು ವರ್ಷದಲ್ಲಿ ಅವನು ಹಿಡಿದ ಕಳ್ಳರಿಗಿಂತ ಹಾಕಿದ ಸಹಿಗಳೇ ಹೆಚ್ಚು. ಒಂದೊಂದನ್ನೂ ಓದುತ್ತಾ ಕೂತರೆ ಠಾಣೆಗೆ ಬೀಗ ಹಾಕಬೇಕಾಗುತ್ತಿತ್ತು. ಏಕಾಂತಯ್ಯನಂಥ ದಫೇದಾರ ಸಿಕ್ಕಿದ್ದು ತನ್ನ ಪುಣ್ಯ ಎಂದು ಅವನು ಮೇಲಧಿಕಾರಿಗಳ ಮುಂದೆಯೇ ಹೇಳಿದ್ದುಂಟು.

"ಇವನನ್ನ ಇನ್ನೇನು ಕೇಳ್ತೀರಿ ಸಾರ್?" ಏಕಾಂತಯ್ಯ ತಣ್ಣಗೆ ಅಂದ. "ಇವನ ಹೆಂಡ್ತಿ ಶಾಂತಮಲ್ಲಪ್ಪನ ಕ್ಯೂರಿಂಗ್ ವರ್ಕ್ಸಲ್ಲಿ ಕಾಫಿ ಆರಿಸೋಳು. ಅಲ್ಲಿನ ಹೊಗೆ ಹಾಳೇಲಿ ಕಾಣಬಾರದು ಅಂತ ಶಾಂತಮಲ್ಲಪ್ಪ ಹೇಳಿದಾನೆ, ಇವನು ಮುಚ್ಚಿದಾನೆ. ಶನಿವಾರ ಸಂಜೆ ರವಿ ಕಣ್ಣಾರೆ ನೋಡ್ಬಿಟ್ಟ. 'ಎಲ್ಲಾ ಹಾಳು ಮಾಡ್ಬಿಟ್ಯಲ್ಲಯ್ಯಾ' ಅಂತ ಕಿರುಚಿದ್ದು ಬೀದಿಗೆಲ್ಲ ಕೇಳಿದೆ. ಇವನು ತಳ್ಳಿದ. ಮೊದಲು ಹೋಗಿ ನೋಡಿದೋನೇ ನಾನು. ಅಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ."

"ಬೈದ್ರು, ನಿಜ," ಸೋಮಯ್ಯ ನೆಲ ನೋಡುತ್ತಾ ಅಂದ. "ನಂಗೆ ಬೇಜಾರಾತು. ಇಳಿದು ಮನೆಗೆ ಹೋದೆ. ಅಷ್ಟೇಯ."

"ಇಳಿಯುವಾಗ ಯಾರಾದ್ರೂ ಎದುರಾದ್ರಾ?"

ಸೋಮಯ್ಯ ಬಾಯಿ ತೆರೆದ. ಆಮೇಲೆ ಕೆಮ್ಮು ಬಂತು. ಬಗ್ಗಿ, ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಜೇಬಿನಿಂದ ಉಬ್ಬಸದ ನೀಲಿ ಪಂಪು ತೆಗೆದು ಎರಡು ಸಲ ಬಾಯಿಗೆ ಒತ್ತಿಕೊಂಡ ಮೇಲೆಯೇ ಅವನ ಎದೆ ತಹಬಂದಿಗೆ ಬಂದದ್ದು. ಪ್ರಶ್ನೆ ಅಲ್ಲಿಗೇ ನಿಂತಿತು.

ಮಧ್ಯಾಹ್ನ ಮೂರು ಗಂಟೆಯೊಳಗೆ ಈ ಮುದುಕನನ್ನು ಕೋರ್ಟಿಗೆ ಹಾಜರು ಮಾಡಬೇಕು. ಅಲ್ಲಿಂದ ಹಾಸನದ ಜೈಲು. ಈ ಎದೆ ಇಟ್ಟುಕೊಂಡು ಅವನು ಅಲ್ಲಿ ಎಷ್ಟು ದಿನ ಬಾಳಿಯಾನು? ಈಗಾಗಲೇ ಹತ್ತು ಗಂಟೆ. ದಯಾನಂದನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಮುಚ್ಚಿದವನ ಮೇಲೆ, ಬಿದ್ದವನ ಮೇಲೆ, ಮಂಜಿನ ಮೇಲೆ ಕೂಡ.

ಅಷ್ಟರಲ್ಲಿ ಬಾಗಿಲು ದಡಾರೆಂದಿತು. ಡಾಕ್ಟರ್ ಸುಮನಾ ಬಾಗಿಲು ತಟ್ಟಿ ಬರುವ ಜಾತಿಯಲ್ಲ. ಹೊಸಬೀದಿಯಲ್ಲಿ ಅವರದೊಂದು ಪುಟ್ಟ ಕ್ಲಿನಿಕ್. ಬೀದಿಯ ಮಕ್ಕಳು ಉಸಿರಿಗೆ ಒದ್ದಾಡುತ್ತಿವೆ ಎಂದು ಅರ್ಜಿಯ ಮೇಲೆ ಅರ್ಜಿ ಬರೆದು ಆ ಯಂತ್ರವನ್ನು ತರಿಸಿದ್ದೇ ಅವರು.

"ಸೋಮಯ್ಯನ್ನ ಯಾಕೆ ಹಿಡ್ಕೊಂಡು ಕೂತಿದೀರಾ? ಹಿಡಿಬೇಕಾದ್ದು ಶಾಂತಮಲ್ಲಪ್ಪನ್ನ." ಅವರು ತಮ್ಮ ದಪ್ಪ ರಿಜಿಸ್ಟರನ್ನು ಮೇಜಿನ ಮೇಲೆ ಬಡಿದರು. "ಡಿಸೆಂಬರಿನಿಂದ ಅರವತ್ಮೂರು ಮಕ್ಕಳು! ಸೋಮಯ್ಯನ ಮೊಮ್ಮಗಳು ಶಾಲಿನೀನೂ ಅದರಲ್ಲಿದಾಳೆ. ನಾಲ್ಕು ವರ್ಷದ ಮಗು, ರಾತ್ರಿ ಕೂತ್ಕೊಂಡೇ ನಿದ್ದೆ ಮಾಡ್ತಾಳೆ. ಆ ಮಗು ತಾತ ಹೊಗೆ ಮುಚ್ಚಿಡೋಕೆ ಒಪ್ತಾನೇನ್ರೀ?"

ಅದೂ ನಿಜವೇ. ದಯಾನಂದ ರವಿಯ ಲಾಡ್ಜ್ ರೂಮಿನಿಂದ ಬೆಳಿಗ್ಗೆ ತಾನೇ ಹೋಗಿ ತಂದ ಲಕೋಟೆಗಳನ್ನು ಡ್ರಾಯರಿನಿಂದ ತೆಗೆದ. ಹತ್ತು ಹಾಳೆ. ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲ್ಲಿನಲ್ಲಿ ತಾರೀಖು. ಒಂದೊಂದಾಗಿ ಮೇಜಿನ ಮೇಲೆ ಹರವಿದ.

ಒಂಬತ್ತು ಹಾಳೆಗಳಿಗೆ ತೆಳ್ಳಗೆ ಬೂದಿ ಬಣ್ಣವಷ್ಟೇ ಹತ್ತಿತ್ತು. ಹತ್ತನೆಯದು ಒಲೆಯ ಮೇಲಿನ ಜಂತಿಯಂತೆ ಕರ್ರಗಿತ್ತು.

"ಫೆಬ್ರವರಿ ಹದಿನೆಂಟು," ದಯಾನಂದ ಓದಿದ. "ಈ ದಿನ ಮುಚ್ಚಲಿಲ್ವಾ ಸೋಮಯ್ಯ?"

"ಅವತ್ತು ಶಿವರಾತ್ರಿ ಅಲ್ವಾ ಸ್ವಾಮಿ? ಜಾಗರಣೆಗೆ ಪಾಳ್ಯಕ್ಕೆ, ನಮ್ಮಣ್ಣನ ಮನೆಗೆ ಹೋಗಿದ್ದೆ. ಮಂಜಿಗೆ ಬುಟ್ಟು ಬಂದ್ನಲ್ಲಾ ಅಂತ ಇಡೀ ರಾತ್ರಿ ಅದೇ ಯೋಚ್ನೆ."

"ನೋಡಿದ್ರಾ!" ಡಾಕ್ಟರ್ ಕುರ್ಚಿಯಿಂದ ಅರ್ಧ ಎದ್ದರು. "ಒಂದು ರಾತ್ರಿ ಮುಚ್ಚಲಿಲ್ಲ, ಹೊಸಬೀದಿ ಕುಡಿಯೋ ಗಾಳಿ ಬಣ್ಣ ಗೊತ್ತಾಯ್ತು. ಇದು ಶಾಂತಮಲ್ಲಪ್ಪನ ಕುಲುಮೆ ಹೊಗೆ. ಇನ್ನೇನ್ರೀ ಸಾಕ್ಷಿ ಬೇಕು ನಿಮಗೆ?"

ಹಾಳೆಗಳನ್ನು ಕಂಡದ್ದೇ ಏಕಾಂತಯ್ಯನ ಕಣ್ಣು ಕರಿ ಹಾಳೆಯ ಮೇಲೆ ನಿಂತುಬಿಟ್ಟಿತು. "ಇವು ಎಲ್ಲಿದ್ವು ಸಾರ್?" ಅಂದ.

"ಲಾಡ್ಜಲ್ಲಿ. ಜೀಪು ಇಲ್ಲೇ ಇರಲಿ ಏಕಾಂತಯ್ಯ, ನಾನು ಡಾಕ್ಟರ್ ವ್ಯಾನಲ್ಲಿ ಶಾಂತಮಲ್ಲಪ್ಪನ ಹತ್ರ ಹೋಗಿ ಬರ್ತೀನಿ. ನಾನು ಬರೋವರೆಗೆ ಇವನನ್ನ ಲಾಕಪ್ಪಲ್ಲಿ ಕೂರಿಸಿ. ಕುಡಿಯೋಕೆ ಬಿಸಿನೀರು ಕೊಡಿ."

"ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ ಸಾರ್. ನಾನಿಲ್ವಾ?"

ಕಾಫಿ ಒಣಗಿಸಿ ಸಿಪ್ಪೆ ಬಿಡಿಸುವ ಆ ಕ್ಯೂರಿಂಗ್ ವರ್ಕ್ಸಿನ ಶೆಡ್ಡಿನಲ್ಲಿ ಎಪ್ಪತ್ತು ಎಂಬತ್ತು ಹೆಂಗಸರು ಸಾಲಾಗಿ ಕೂತು ಕಾಫಿ ಬೇಳೆ ಆರಿಸುತ್ತಿದ್ದರು. ಹಿತ್ತಲಲ್ಲಿ ಕಾಫಿ ಹೊಟ್ಟು ಉರಿಯುವ ಕುಲುಮೆ, ಅದರ ನೆತ್ತಿಯ ಮೇಲೆ ಕೊಳವೆ, ಕೊಳವೆಯಿಂದ ಹಳದಿ ಮಿಶ್ರಿತ ಹೊಗೆ. ಡಾಕ್ಟರ್ ಅದನ್ನು ನೋಡಿದ್ದೇ ಮೂಗಿಗೆ ಸೆರಗು ಹಿಡಿದರು. ಅಂಥದ್ದೊಂದು ಆಧಾರ ಕಣ್ಣೆದುರೇ ಇದ್ದದ್ದು ಅವರಿಗೆ ಒಳಗೊಳಗೇ ಸಮಾಧಾನ ಕೊಟ್ಟಂತಿತ್ತು.

ಮಾಲೀಕ ಶಾಂತಮಲ್ಲಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು ಗದ್ದುಗೆಯಂಥ ಕುರ್ಚಿಯಲ್ಲಿ ಕೂತಿದ್ದ. ದಯಾನಂದ ಹೇಳಿದ್ದನ್ನೆಲ್ಲ ಕೇಳಿ, ಕರಿ ಹಾಳೆಯನ್ನು ನೋಡಿ, ನಕ್ಕ.

"ಯಾವತ್ತಿನದು ಅಂದ್ರಿ ಇದು?"

"ಶಿವರಾತ್ರಿ. ಬೆಳಿಗ್ಗೆ ಎಂಟರಿಂದ ಮರುದಿನ ಎಂಟರವರೆಗೆ."

"ಇನ್ಸ್‌ಪೆಕ್ಟ್ರೇ, ನಮ್ಮ ಅಜ್ಜನ ಕಾಲದಿಂದ ಶಿವರಾತ್ರಿಗೆ ಇಲ್ಲಿ ಕುಲುಮೆ ಹಚ್ಚಲ್ಲ. ಹಿಂದಿನ ದಿನವೇ ಬೂದಿ ತೆಗೆದು, ಸಾರಿಸಿ, ಬಿಲ್ವಪತ್ರೆ ಇಟ್ಟು ಪೂಜೆ ಮಾಡ್ತೀವಿ. ಅವತ್ತು ನನ್ನ ಕೊಳವೇಲಿ ಗುಬ್ಬಿ ಬೇಕಾದ್ರೂ ಗೂಡು ಕಟ್ಟಬಹುದಿತ್ತು."

"ಸುಳ್ಳು," ಅಂದರು ಡಾಕ್ಟರ್.

"ಸುಳ್ಳಾದ್ರೆ ಇಷ್ಟು ಜನ ಕೂತವ್ರಲ್ಲ, ಯಾರನ್ನಾದ್ರೂ ಕೇಳಿ ತಾಯೀ. ನನ್ನ ಹೆದರಿಕೆ ಇರೋರನ್ನ ಬೇಡ, ನನ್ನನ್ನ ಬೈಯೋರನ್ನೇ ಕೇಳಿ. ಭದ್ರಮ್ಮಾ, ಬಾ ಇಲ್ಲಿ."

ಸಾಲಿನ ತುದಿಯಿಂದ ಎದ್ದು ಬಂದವಳು ಸೋಮಯ್ಯನ ಹೆಂಡತಿ. ಅತ್ತು ಅತ್ತು ಮುಖ ಊದಿತ್ತು.

"ಹೌದು ಸ್ವಾಮಿ. ಅವತ್ತು ರಜ. ಬೆಂಕಿ ಹಚ್ಚಾಕಿಲ್ಲ," ಅಂದಳು.

ಡಾಕ್ಟರ್ ಸುಮನಾ ಮೂಗಿನಿಂದ ಸೆರಗು ತೆಗೆದರು. "ಹಾಗಾದ್ರೆ ನನ್ನ ಮಕ್ಕಳು?"

"ನಿಮ್ಮ ಮಕ್ಕಳು ಕೆಮ್ಮೋಕೆ ಶುರು ಮಾಡಿದ್ದು ಯಾವಾಗಿಂದ?" ಶಾಂತಮಲ್ಲಪ್ಪ ಕೇಳಿದ. "ಡಿಸೆಂಬರ್ ಅಂತ ನೀವೇ ಊರೆಲ್ಲ ಸಾರಿದೀರಿ. ಈ ಸಲ ನಾನು ಕುಲುಮೆ ಹಚ್ಚಿದ್ದು ಜನವರಿ ಹನ್ನೆರಡಕ್ಕೆ. ಹಣ್ಣು ಕೊಯ್ದು, ಒಣಗಿಸಿ, ಇಲ್ಲಿಗೆ ಬರೋದಕ್ಕೆ ಮುಂಚೆ ನಾನು ಏನನ್ನ ಸುಡ್ಲಿ, ನನ್ನ ಪಂಚೇನಾ?"

ಆರಿಸುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅವನು ಎದ್ದು, ಕಾಫಿ ಬೇಳೆಯಲ್ಲಿ ಸೇರಿದ ಮೊಳೆ, ತಂತಿ ಚೂರು ಹಿಡಿಯಲು ಇಟ್ಟುಕೊಂಡಿದ್ದ ದೊಡ್ಡ ಅಯಸ್ಕಾಂತವನ್ನು ತಂದ. ದಯಾನಂದನ ಒಪ್ಪಿಗೆ ಪಡೆದು, ಕರಿ ಹಾಳೆಯ ಒಂದು ಮೂಲೆಯಿಂದ ಬ್ಲೇಡಿನಲ್ಲಿ ಚಿಟಿಕೆಯಷ್ಟು ಪುಡಿ ಕೆರೆದು ಬಿಳಿ ಕಾಗದದ ಮೇಲೆ ಉದುರಿಸಿದ. ಕಾಗದದ ಅಡಿಯಲ್ಲಿ ಅಯಸ್ಕಾಂತವನ್ನು ಮೆಲ್ಲಗೆ ಸರಿಸಿದ.

ಮಸಿ ಅಲ್ಲೇ ಉಳಿಯಿತು. ಅದರೊಳಗಿದ್ದ ಕೆಂಪು ಕಣಗಳು ಎದ್ದು ನಿಂತು ಅಯಸ್ಕಾಂತದ ಹಿಂದೆ ಹೊರಟವು.

"ನನ್ನ ಹೊಟ್ಟಿನ ಬೂದಿಗೆ ಈ ವಿದ್ಯೆ ಬರಲ್ಲ," ಅಂದ ಶಾಂತಮಲ್ಲಪ್ಪ. "ಇದು ಕಬ್ಬಿಣದ ಅದಿರು. ಮಂಗಳೂರಿಗೆ ಹೋಗೋ ಲಾರಿಗಳದ್ದು. ಮಸಿ ಅವುಗಳ ಡೀಸೆಲ್ಲಿನದು."

"ಆ ಲಾರಿಗಳು ಹೆದ್ದಾರೀಲಿ ಹೋಗ್ತವೆ," ದಯಾನಂದ ರೇಗಿದ. "ಹೊಸಬೀದಿಗೂ ಅದಕ್ಕೂ ಏನು ಸಂಬಂಧ? ಡಿಸೆಂಬರಲ್ಲಿ ಘಾಟಿ ರಸ್ತೆ ರಿಪೇರಿ ಅಂತ ರಾತ್ರಿ ಲಾರಿ ಬಿಡ್ತಿರಲಿಲ್ಲ, ಆಗ ಹದಿನೈದು ದಿನ ಹೊಸಬೀದಿ ಪಕ್ಕದ ಹಳೇ ಸಂತೆಮಾಳದಲ್ಲಿ ನಿಲ್ಲಿಸೋಕೆ ನಾನೇ ಆರ್ಡರ್ ಕೊಟ್ಟಿದ್ದೆ. ಅದು ಆಗಲೇ ಮುಗೀತು. ಎಲ್ಲಾ ಖಾಲಿ ಅಂತ ಏಕಾಂತಯ್ಯ ನನಗೆ ವರದಿ ಕೊಟ್ಟಿದಾರೆ."

ಭದ್ರಮ್ಮ ತಲೆ ಎತ್ತಿ ಅವನನ್ನು ವಿಚಿತ್ರವಾಗಿ ನೋಡಿದಳು.

"ಖಾಲಿ ಎಲ್ಲಾಗೈತೆ ಸ್ವಾಮಿ? ದಿನಾ ರಾತ್ರಿ ಹತ್ತು ಗಂಟೆಗೆ ಬತ್ತವೆ. ನಲವತ್ತು, ಐವತ್ತು. ಬೆಳಗಿನ ಜಾವ ಹೋಯ್ತವೆ. ಇಂಜಿನ್ ಆಫ್ ಮಾಡಾಕಿಲ್ಲ, ಚಳೀಗೆ ಮತ್ತೆ ಸ್ಟಾರ್ಟ್ ಆಗಾಕಿಲ್ಲಂತೆ. ಗೋಡೆಗೆ ಗೋಡೆ ನಮ್ಮನೆ. ಬೆಳಿಗ್ಗೆ ಎದ್ದು ಮಗೀನ ಮೂಗು ಒರಸಿದ್ರೆ ಬಟ್ಟೆ ಕೆಂಪಗಾಯ್ತದೆ."

"ನಾನು ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ," ಡಾಕ್ಟರ್ ಮೆಲ್ಲಗೆ ಅಂದರು. "ಆಗ ಅಲ್ಲಿ ಬಯಲು ಬಿಟ್ರೆ ಏನೂ ಇರಲ್ಲ."

"ಇದನ್ನ ಇಷ್ಟು ದಿನ ಯಾರೂ ಬಾಯಿ ಬಿಡಲಿಲ್ಲ ಯಾಕೆ?" ದಯಾನಂದನ ದನಿ ಶೆಡ್ಡಿನ ತಗಡಿಗೆ ಬಡಿಯಿತು. "ಪೊಲೀಸರು ಸತ್ತಿದ್ರಾ ಊರಲ್ಲಿ?"

"ಲಾರಿಗಿಷ್ಟು ಅಂತ ಕಾಸು ಇಸ್ಕಂಡು, ಸೀಟಿ ಊದಿ ಒಳಕ್ಕೆ ಬುಡೋರೇ ಪೊಲೀಸ್ನೋರು. ಪೊಲೀಸ್ನೋರ ಮ್ಯಾಲೆ ಪೊಲೀಸ್ನೋರಿಗೇ ಹೇಳಾಕಾಯ್ತದಾ?"

"ಯಾವ ಪೊಲೀಸು?"

ಭದ್ರಮ್ಮ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಶಾಂತಮಲ್ಲಪ್ಪ ಕಪಾಟಿನಿಂದ ಫೈಲೊಂದನ್ನು ತೆಗೆದು ದಯಾನಂದನ ಮುಂದಿಟ್ಟ.

"ನಾನು ಪರೋಪಕಾರಿ ಅಲ್ಲ ಇನ್ಸ್‌ಪೆಕ್ಟ್ರೇ. ನನ್ನ ಕಣದ ಮೇಲೆ ಕೆಂಪು ಧೂಳು ಬೀಳ್ತದೆ ಅಂತ ಎರಡು ಸಲ ನಿಮ್ಮ ಠಾಣೆಗೆ ಬರೆದೆ. ತಗೊಂಡೆ ಅಂತ ನಿಮ್ಮ ದಫೇದಾರರ ಸಹಿ, ಮೊಹರು, ಎರಡೂ ಇದೆ. ಉತ್ತರಕ್ಕೆ ನಿಮ್ಮ ಆರ್ಡರಿನ ನಕಲು ಕಳಿಸಿದ್ರು. ಎಸ್.ಐ. ಸಾಹೇಬರೇ ಬಿಟ್ಟಮೇಲೆ ನಾನ್ಯಾವ ಲೆಕ್ಕ ಅಂತ ಸುಮ್ಮನಾದೆ. ಓದಿ."

ದಯಾನಂದ ಓದಿದ. ಹಳೇ ಸಂತೆಮಾಳದಲ್ಲಿ ಲಾರಿಗಳನ್ನು ನಿಲ್ಲಿಸಲು ಅನುಮತಿ. ಮೇಲ್ವಿಚಾರಣೆ: ಹೆಡ್ ಕಾನ್‌ಸ್ಟೇಬಲ್ ಏಕಾಂತಯ್ಯ. ಅವಧಿ: ಮುಂದಿನ ಆದೇಶದವರೆಗೆ.

ಹದಿನೈದು ದಿನ ಎಂದು ಅವನು ಬಾಯಲ್ಲಿ ಹೇಳಿದ್ದ. ಬರೆದು ತಂದ ಹಾಳೆಯನ್ನು ಓದಿರಲಿಲ್ಲ. ಕೆಳಗೆ ತನ್ನದೇ ಸಹಿ, ಬಾಲ ಸೊಟ್ಟಗೆ ಎಳೆದ ಅವಸರದ ಸಹಿ. ಯಂತ್ರ ಮುಚ್ಚಿದ್ದು ಯಾಕೆ ಎಂದು ಅವನು ನಿನ್ನೆಯಿಂದ ಕಿರುಚಾಡುತ್ತಿದ್ದ; ಅರವತ್ಮೂರು ಮಕ್ಕಳ ಉಸಿರು ಕಟ್ಟಿಸಿದ್ದು ಈ ಸಹಿಯೇ. ಈಗ ಅವನಿಗೆ ನಾಚಿಕೆಯಾಯಿತು. ಎಷ್ಟೆಂದರೆ, ಡಾಕ್ಟರ್ ಮುಖ ನೋಡಲು ಆಗಲಿಲ್ಲ.

ಡಾಕ್ಟರ್ ಅವನ ಕೈಯಿಂದ ನಕಲನ್ನು ತೆಗೆದುಕೊಂಡು ಓದಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಶಾಂತಮಲ್ಲಪ್ಪನ ಕಡೆ ತಿರುಗಿ, "ನಿಮ್ಮ ಹೊಗೆ ವಿಚಾರ ನಾನು ಬಿಟ್ಟಿಲ್ಲ, ಅದು ಇನ್ನೊಂದು ದಿನ," ಎಂದಷ್ಟೇ ಹೇಳಿದರು.

"ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳಾದು ಸ್ವಾಮಿ?" ಭದ್ರಮ್ಮನಿಗೆ ಈಗ ಅಳು ಒತ್ತರಿಸಿ ಬಂತು. "ನಿನ್ನೆ ನಾನು ಲಾಕಪ್ಪಿಗೆ ರೊಟ್ಟಿ ಕೊಡಾಕೆ ಬಂದಾಗ ನಮ್ಮನೆಯವ್ರು ಕಿವೀಲಿ ಹೇಳಿದ್ರು. ಶನಿವಾರ ಅವ್ರು ಮೆಟ್ಲು ಇಳೀತಿದ್ದಾಗ ದಫೇದಾರ್ರು ಹತ್ತಿ ಹೋಗ್ತಿದ್ರಂತೆ. ಮ್ಯಾಲೆ ರವಿ ಸಾಹೇಬ್ರು ಒಬ್ರೇ ಇದ್ದಿದ್ದು. ಆ ಮಾತು ಎತ್ತಿದ್ರೆ ಲಾಕಪ್ಪಿಂದ ಜೀವಂತ ಆಚೆ ಬರಾಕಿಲ್ಲ ಅಂತ ದಫೇದಾರ್ರು ಅಂದವ್ರಂತೆ."

ಮೊದಲು ಹೋಗಿ ನೋಡಿದೋನೇ ನಾನು ಅಂದಿದ್ದ ಏಕಾಂತಯ್ಯ. ನಾನಿಲ್ವಾ ಅಂತಲೂ ಅಂದಿದ್ದ. ರವಿಯ ಕರಿ ಹಾಳೆ ಹೊರಬಿದ್ದರೆ ಮೊದಲು ಸಿಕ್ಕಿಬೀಳುವವನು ಅವನೇ.

ಠಾಣೆಗೆ ಫೋನು ಮಾಡಿದರೆ ಎತ್ತುವವನೂ ಅವನೇ. ದಯಾನಂದ ಕರಿ ಹಾಳೆಯನ್ನು ಜೇಬಿಗೆ ತುರುಕಿಕೊಂಡು ವ್ಯಾನಿನ ಕಡೆ ಓಡಿದ. ಡಾಕ್ಟರ್ ಅವನಿಗಿಂತ ಮುಂಚೆ ಸ್ಟೇರಿಂಗ್ ಹಿಡಿದಿದ್ದರು. ಹೇಮಾವತಿ ಸೇತುವೆಯ ಮೇಲೆ ಎರಡು ಬಸ್ಸು ಎದುರಾಬದುರಾಗಿ ನಿಂತು, ಡ್ರೈವರುಗಳು ಕಿಟಕಿಯಲ್ಲಿ ತಲೆ ಹಾಕಿ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತಿದ್ದರು. ದಯಾನಂದ ಇಳಿದು ಇಬ್ಬರಿಗೂ ಬಾಯಿಗೆ ಬಂದಂತೆ ಬೈದು ದಾರಿ ಬಿಡಿಸುವಷ್ಟರಲ್ಲಿ ಹತ್ತು ನಿಮಿಷ ಹಾಳಾಯಿತು.

ಠಾಣೆಯ ಮುಂದೆ ಜೀಪು ಇರಲಿಲ್ಲ.

ಒಳಗೆ ಏಕಾಂತಯ್ಯನ ಕುರ್ಚಿ ಖಾಲಿ. ಲಾಕಪ್ಪಿನ ಬಾಗಿಲು ಹಾರುಹೊಡೆದಿತ್ತು. ಪಹರೆಯ ಕಾನ್‌ಸ್ಟೇಬಲ್ ಗಾಬರಿಯಿಂದ ಎದ್ದು ಸಲ್ಯೂಟ್ ಹೊಡೆದ.

"ಸೋಮಯ್ಯ ಎಲ್ಲಿ?"

"ದಫೇದಾರ್ರು ಕರ್ಕೊಂಡು ಹೋದ್ರಲ್ಲಾ ಸಾರ್."

"ಕೋರ್ಟಿಗಾ? ಕೋರ್ಟಿಗೆ ಇಲ್ಲಿಂದ ನಡೆದು ಹೋಗಬಹುದಲ್ಲಯ್ಯಾ, ಜೀಪು ಯಾಕೆ?"

"ಕೋರ್ಟಿಗಲ್ಲ ಸಾರ್. ಬಿಸಿಲೆ ಘಾಟಿ ಕಾಡಿಗೆ." ಕಾನ್‌ಸ್ಟೇಬಲ್‌ನ ಮುಖ ಬಿಳುಪೇರಿತು. "ರವಿಯವರ ಚೀಲ ಅಲ್ಲಿ ಎಸೆದಿದೀನಿ ಅಂತ ಸೋಮಯ್ಯ ಒಪ್ಕೊಂಡಿದಾನೆ, ತೋರಿಸೋಕೆ ಕರ್ಕೊಂಡು ಹೋಗ್ತೀನಿ ಅಂದ್ರು. ಬೇರೆ ಯಾರೂ ಬೇಡ, ಒಬ್ರೇ ಸಾಕು ಅಂದ್ರು. ನಾನು ಕೇಳಿದೆ ಸಾರ್, ಸಾಹೇಬರಿಗೆ ಗೊತ್ತಾ ಅಂತ ಕೇಳಿಯೇ ಕೇಳಿದೆ. ಆರ್ಡರ್ ತೋರಿಸಿದ್ರು."

"ಯಾರ ಆರ್ಡರ್?"

ಕಾನ್‌ಸ್ಟೇಬಲ್ ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ಕೊಟ್ಟ. ಆರೋಪಿಯನ್ನು ಬಿಸಿಲೆ ಘಾಟಿಗೆ ಕರೆದೊಯ್ಯಲು ಅನುಮತಿ. ಕೆಳಗೆ ಇವತ್ತಿನ ತಾರೀಖು, ಬಾಲ ಸೊಟ್ಟಗೆ ಎಳೆದ ಸಹಿ. ಬೆಳಿಗ್ಗೆ ಏಕಾಂತಯ್ಯ ಹಾಳೆಗಳ ಮೂಲೆಯಷ್ಟೇ ಎತ್ತಿ ಹಿಡಿದು ಹಾಕಿಸಿದ್ದು: ಇಲ್ಲಿ, ಮತ್ತೆ ಇಲ್ಲಿ.

"ಎಷ್ಟು ಹೊತ್ತಾಯ್ತು?"

"ನೀವು ಹೊರಟ ಹಿಂದೇನೇ ಸಾರ್. ಒಂದು ಗಂಟೆ ಮೇಲಾಯ್ತು."

ಹಿಂದಿನಿಂದ ಡಾಕ್ಟರ್ ಸುಮನಾ ಅವನನ್ನು ಸರಿಸಿಕೊಂಡು ಲಾಕಪ್ಪಿನೊಳಗೆ ಹೋದರು. ಕಂಬಳಿಯ ಮೇಲಿಂದ ಏನನ್ನೋ ಎತ್ತಿಕೊಂಡು ಹೊರಗೆ ಬಂದು, ಅಂಗೈ ತೆರೆದು ದಯಾನಂದನ ಮುಂದೆ ಹಿಡಿದರು.

ಸೋಮಯ್ಯನ ನೀಲಿ ಪಂಪು ಇಲ್ಲೇ ಉಳಿದಿತ್ತು.